ಹೋಗಿಬಿಟ್ಟರು

ಪೇಟೆ ಬೀದಿಯ ತಿರುವಿನಲ್ಲಿ, ಔಷಧಿ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಒತ್ತಿಕೊಂಡು ನಿಂತಿರುವ ಕನ್ನಡಕದಂಗಡಿಯ ಯಜಮಾನರಿಗೆ ಅವರ ಕುಟುಂಬದವರೆಲ್ಲ ಸೇರಿ ಇಟ್ಟ ಹೆಸರು ಫಸ್ಟ್ ಚಿಕ್ಕಪ್ಪ. ಶಾಲೆಯಲ್ಲಿ ಅವರು ಯಾವುದರಲ್ಲೂ ಫಸ್ಟ್ ಬಂದವರಲ್ಲ. ಓಟದಲ್ಲಿ ಬಿದ್ದರು, ಗಣಿತದಲ್ಲಿ ಡುಮ್ಕಿ ಹೊಡೆದರು, ಮದುವೆಯಲ್ಲೂ ಓರಗೆಯವರಿಗಿಂತ ಹಿಂದೆ ಉಳಿದರು. ಆ ಕೊರತೆಯನ್ನೆಲ್ಲ ಕೈಗೆ ಮೊಬೈಲ್ ಬಂದ ಮೇಲೆ ಬಡ್ಡಿ ಸಮೇತ ತುಂಬಿಕೊಂಡರು. ಫ್ಯಾಮಿಲಿ ಗ್ರೂಪಿನಲ್ಲಿ ಶುಭೋದಯ ಮೊದಲು ಅವರದೇ. ಸೂರ್ಯ ಇವರ ಮೆಸೇಜು ನೋಡಿಕೊಂಡೇ ಏಳುವುದು ಅಂತ ಅವರ ಹೆಂಡತಿಯೇ ಆಡಿಕೊಳ್ಳುತ್ತಿದ್ದರು. ಯಾರದೇ ಹುಟ್ಟುಹಬ್ಬವಿರಲಿ, ಹೆತ್ತವಳಿಗೆ ನೆನಪಾಗುವ ಮೊದಲೇ ಚಿಕ್ಕಪ್ಪನ ಕೇಕು ಸ್ಕ್ರೀನಿನಲ್ಲಿ ಮಿನುಗುತ್ತಿರುತ್ತಿತ್ತು. ಯಾರಾದರೂ ಸತ್ತರಂತೂ ಕೇಳಲೇಬೇಡಿ. ಅವರ ಶ್ರದ್ಧಾಂಜಲಿ ಬಂದ ಮೇಲೆಯೇ ಉಳಿದವರು ಅಳಲು ಶುರು ಮಾಡಬೇಕು ಎಂಬಂಥ ಏರ್ಪಾಡಾಗಿಹೋಗಿತ್ತು.

ಅವರು ತಿಳಿಗೇಡಿಯೇನಲ್ಲ, ಮೊಬೈಲ್ ಓದಿಕೊಂಡವರು. ವರ್ತಕರ ಸಂಘದವರು ‘ಜವಾಬ್ದಾರಿಯಿಂದ ಮೊಬೈಲ್ ಬಳಸುವುದು ಹೇಗೆ’ ಅಂತ ಒಂದು ದಿನದ ತರಬೇತಿ ಇಟ್ಟಾಗ ಮುಂದಿನ ಸಾಲಿನಲ್ಲಿ ಕೂತಿದ್ದರು. ಪಾಠ ಹೇಳಲು ಬಂದಿದ್ದ ಹೆಣ್ಣುಮಗಳು, “ಯಾವುದನ್ನೇ ಆಗಲಿ ಕಳಿಸೋ ಮೊದಲು ಒಂದು ಸಲ ಪೂರ್ತಿ ಓದಿ, ನಿಜಾನಾ ಅಂತ ವಿಚಾರಿಸಿ, ಆಮೇಲೆ ಕಳಿಸಿ” ಅಂದಳು. ಚಿಕ್ಕಪ್ಪನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಆಕೆ ವಾಕ್ಯ ಮುಗಿಸುವುದರೊಳಗೆ ಅದನ್ನು ಗುಲಾಬಿ ಹೂವಿನ ಚಿತ್ರದ ಮೇಲೆ ಬರೆದು ಎಲ್ಲ ಗ್ರೂಪುಗಳಿಗೂ ಕಳಿಸಿಯಾಗಿತ್ತು. ಅವಸರದಲ್ಲಿ ‘ವಿಚಾರಿಸಿ’ ಹೋಗಿ ‘ವಿಹರಿಸಿ’ ಆಗಿತ್ತು. ಓದದೆ ಮೆಚ್ಚಿದವರು ಬಹಳ ಮಂದಿ.

ಇನ್ನೊಂದು ಸಂಗತಿ ಹೇಳಲೇಬೇಕು, ಹೇಳಲು ಸ್ವಲ್ಪ ಮುಜುಗರವಾದರೂ. ಅವರ ಮೊಬೈಲಿನಲ್ಲಿ ಕುಟುಂಬದ ಹಿರಿಯರಿಗೆಲ್ಲ ಶ್ರದ್ಧಾಂಜಲಿಗಳು ಮೊದಲೇ ತಯಾರಾಗಿ ಕೂತಿದ್ದವು. ಫೋಟೋ ಹಾಕಿ, ಮೊಂಬತ್ತಿ ಹಚ್ಚಿ, ನಾಲ್ಕು ಸಾಲು ಬರೆದು, ತಾರೀಕಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದರು. ಒಮ್ಮೆ ಏನೋ ಹುಡುಕುತ್ತ ಹೆಂಡತಿ ಅದನ್ನು ನೋಡಿಬಿಟ್ಟರು.

“ಇದೇನ್ರೀ ಇದು? ಇವರೆಲ್ಲ ಇನ್ನೂ ಗಟ್ಟಿಮುಟ್ಟಾಗಿ ಓಡಾಡ್ಕೊಂಡಿದ್ದಾರಲ್ರೀ!”

“ಮುಂಜಾಗ್ರತೆ ಕಣೇ. ದುಃಖದಲ್ಲಿ ಕೈ ಓಡಲ್ಲ.”

“ನಂದೂ ರೆಡಿ ಇದೆಯಾ?”

ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಅಂದು ಅವರ ಊಟ ಅವರೇ ಬಡಿಸಿಕೊಳ್ಳಬೇಕಾಯಿತು.

ಆ ತಯಾರಾಗಿದ್ದ ಸಾಲಿನಲ್ಲಿ ಎಲ್ಲಕ್ಕಿಂತ ಚೆಂದವಾಗಿದ್ದದ್ದು ಅವರ ಅಣ್ಣನದು. ಅಣ್ಣನ ಮೇಲೆ ಅವರಿಗೆ ಪ್ರೀತಿ ಇರಲಿಲ್ಲ ಅಂತ ಯಾರಾದರೂ ಅಂದರೆ ನಾಲಿಗೆ ಬಿದ್ದುಹೋದೀತು. ಅಪ್ಪ ತೀರಿಕೊಂಡಾಗ ಚಿಕ್ಕಪ್ಪ ಇನ್ನೂ ಚಡ್ಡಿ ಹಾಕುವ ಹುಡುಗ. ಅಣ್ಣ ಓದು ಬಿಟ್ಟು ಬಸ್ ಕಂಡಕ್ಟರ್ ಆದರು, ಹೆಗಲಿಗೆ ಚರ್ಮದ ಚೀಲ ಹಾಕಿಕೊಂಡು ನಿಂತೇ ಆಯಸ್ಸು ಕಳೆದರು, ತಮ್ಮನನ್ನು ಓದಿಸಿದರು, ಅಂಗಡಿ ಹಾಕಿಸಿಕೊಟ್ಟರು. ಈಗ ನಿವೃತ್ತರಾಗಿ, ಹೆಂಡತಿಯನ್ನು ಕಳೆದುಕೊಂಡು, ಊರಿನ ಇನ್ನೊಂದು ತುದಿಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಹಿಂದೊಮ್ಮೆ ಎದೆನೋವೆಂದು ಆಸ್ಪತ್ರೆಗೆ ಸೇರಿದಾಗ, ಹೊರಗಿನ ಬೆಂಚಿನ ಮೇಲೆ ಕೂತು ಕಣ್ಣೀರು ಸುರಿಸುತ್ತಲೇ ಚಿಕ್ಕಪ್ಪ ಆ ಶ್ರದ್ಧಾಂಜಲಿ ಬರೆದದ್ದು. ಅಣ್ಣ ಗುಣವಾಗಿ ಮನೆಗೆ ಬಂದರು. ಬರೆದದ್ದನ್ನು ಅಳಿಸಲು ಮನಸ್ಸು ಬರಲಿಲ್ಲ, ಅಷ್ಟು ಚೆನ್ನಾಗಿ ಬಂದಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಚಿಕ್ಕಪ್ಪ ಅಂಗಡಿಯ ಒಳಕೋಣೆಯಲ್ಲಿ ಒಬ್ಬ ಮೇಷ್ಟರ ಕಣ್ಣು ಪರೀಕ್ಷೆ ಮಾಡುತ್ತಿದ್ದರು. ಮೇಷ್ಟರ ಮೂಗಿನ ಮೇಲೆ ಗಾಜು ಬದಲಿಸುವ ಭಾರದ ಫ್ರೇಮು, ಎದುರಿನ ಗೋಡೆಯಲ್ಲಿ ಅಕ್ಷರಗಳ ಬೋರ್ಡು. “ಇದು ಚೆನ್ನಾಗಿ ಕಾಣ್ತದಾ, ಅದು ಕಾಣ್ತದಾ” ಅಂತ ಕೇಳುತ್ತಿರುವಾಗ ಜೇಬಿನಲ್ಲಿ ಟಿಂಗ್ ಅಂದಿತು. ಗ್ರೂಪಿನಲ್ಲಿ ಅಣ್ಣನ ಸೊಸೆ ಬರೆದಿದ್ದಳು:

‘ಮಾವ ಹೋಗ್ಬಿಟ್ರು. ಏನು ಮಾಡ್ಬೇಕೋ ಗೊತ್ತಾಗ್ತಿಲ್ಲ.’

ನಮ್ಮ ಮಾತಿನಲ್ಲಿ ಹೋಗದಿರುವುದು ಯಾವುದಿದೆ ಹೇಳಿ. ಕರೆಂಟು ಹೋಗುತ್ತದೆ, ಮಾನ ಹೋಗುತ್ತದೆ, ಮುನಿಸಿಕೊಂಡ ನೆಂಟರು ಹೋಗುತ್ತಾರೆ, ಮನುಷ್ಯರೂ ಒಂದು ದಿನ ಹೋಗಿಬಿಡುತ್ತಾರೆ. ಇದು ಯಾವ ಹೋಗುವುದು ಅಂತ ಗೊತ್ತಾಗುವುದು ಹೇಳುವವರ ದನಿಯಲ್ಲಿ. ಸ್ಕ್ರೀನಿಗೆ ದನಿ ಎಲ್ಲಿಂದ ಬರಬೇಕು? ಕೇಳಬೇಕೆಂದಿದ್ದರೆ ಫೋನ್ ಮಾಡಬೇಕು. ಫೋನ್ ಮಾಡಿ ಮಾತಾಡಿ ಮುಗಿಸುವಷ್ಟರಲ್ಲಿ ಬೇರೆ ಯಾರಾದರೂ ಮೊದಲು ಶ್ರದ್ಧಾಂಜಲಿ ಹಾಕಿಬಿಟ್ಟರೆ? ಅದೂ ಸ್ವಂತ ಅಣ್ಣನದು!

ಚಿಕ್ಕಪ್ಪನ ಕಣ್ಣು ಮಂಜಾಯಿತು. ಆದರೆ ಹೆಬ್ಬೆರಳು ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

“ಏನಾಯ್ತು ಸಾರ್?” ಅಂದರು ಮೇಷ್ಟರು, ಎದುರಿಗಿರುವವರು ಮಸಕು ಮಸಕಾಗಿ ಅಲ್ಲಾಡುವುದನ್ನು ಕಂಡು.

“ನಮ್ಮಣ್ಣ... ಹೋಗ್ಬಿಟ್ರಂತೆ.”

“ಅಯ್ಯೋ! ನನ್ನ ಕಣ್ಣು ಹಾಗಿರಲಿ, ನೀವು ಹೊರಡಿ ಸಾರ್, ಹೊರಡಿ.”

“ಒಂದೇ ನಿಮಿಷ,” ಅಂದರು ಚಿಕ್ಕಪ್ಪ. ಖಾಲಿ ಜಾಗದಲ್ಲಿ ತಾರೀಕು ತುಂಬಿ ಕಳಿಸಿಬಿಟ್ಟರು.

‘ಸಾವಿರಾರು ಜನರನ್ನು ಅವರವರ ಊರು ಸೇರಿಸಿದ ನನ್ನ ಅಣ್ಣ ಇಂದು ತಮ್ಮ ಕೊನೆಯ ನಿಲ್ದಾಣದಲ್ಲಿ ಇಳಿದಿದ್ದಾರೆ. ದಿನವೂ ಕಿವಿಗೆ ಬೀಳುತ್ತಿದ್ದ ಆ ಅಕ್ಕರೆಯ ದನಿ ಇನ್ನಿಲ್ಲ. ಅಣ್ಣಾ, ನಿಮ್ಮೊಂದಿಗೆ ಇನ್ನೊಂದು ಮಾತು ಆಡುವ ಭಾಗ್ಯ ನನಗಿಲ್ಲವಾಯಿತಲ್ಲ!’

ಕೆಳಗೆ ಮೊಂಬತ್ತಿ, ಬಿಳಿ ಹೂವು, ಅಣ್ಣನ ಹಳೆಯ ಯೂನಿಫಾರಮ್ಮಿನ ಫೋಟೋ. ಕಳಿಸಿದ ಮೇಲೆ ಚಿಕ್ಕಪ್ಪ ಕುರ್ಚಿಗೆ ಕುಸಿದು ಬಿಕ್ಕಿ ಬಿಕ್ಕಿ ಅತ್ತರು. ಅದು ನಾಟಕವಾಗಿರಲಿಲ್ಲ. ನಡುವೆ ಒಂದೆರಡು ಸಲ ಮೊಬೈಲ್ ಕಡೆ ನೋಡಿದ್ದೂ ಸುಳ್ಳಲ್ಲ.

ಗ್ರೂಪು ಆಗಲೇ ಕೊಚ್ಚಿಕೊಂಡು ಹರಿಯುತ್ತಿತ್ತು. ಸೋದರಳಿಯ ಕೈಮುಗಿದ, ಭಾವಮೈದುನ ಕಣ್ಣೀರು ಹಾಕಿದ, ಹೊರದೇಶದಲ್ಲಿದ್ದವಳು ಒಡೆದ ಹೃದಯ ಕಳಿಸಿದಳು. ಅಣ್ಣನನ್ನು ಜನ್ಮದಲ್ಲಿ ಕಂಡಿರದ ಒಬ್ಬ ಹೊಸ ಅಳಿಯ, ‘ತುಂಬಲಾರದ ನಷ್ಟ’ ಅಂದ. ಪ್ರತಿಯೊಬ್ಬರೂ ಚಿಕ್ಕಪ್ಪನ ಶ್ರದ್ಧಾಂಜಲಿಯನ್ನೇ ಸಾಕ್ಷಿಯಾಗಿ ಹಿಡಿದರು. ಸ್ವಂತ ತಮ್ಮನೇ ಹೇಳಿದ ಮೇಲೆ ಇನ್ನು ವಿಚಾರಿಸುವುದೇನಿದೆ? ಚಿಕ್ಕಪ್ಪ ಸೊಸೆಗೆ ಫೋನ್ ಮಾಡಿ ನೋಡಿದರು. ರಿಂಗಾಯಿತು, ಎತ್ತಲಿಲ್ಲ. ಪಾಪ, ಹೆಣದ ಮುಂದೆ ಕೂತಿರಬೇಕು ಅಂದುಕೊಂಡರು. ಅಣ್ಣನ ಮಗನದು ಸ್ವಿಚ್ ಆಫ್. ಅದೂ ಸರಿಯೇ, ಅವನು ಯಾವ ಸ್ಥಿತಿಯಲ್ಲಿದ್ದಾನೋ.

ಅಂಗಡಿಯ ಬಾಗಿಲು ಎಳೆದು ಮನೆಗೆ ಬಂದರೆ ಹೆಂಡತಿ ಆಗಲೇ ಸೀರೆ ಬದಲಿಸಿ ನಿಂತಿದ್ದರು. ಅತ್ತು ಅವರ ಮುಖ ಊದಿತ್ತು.

“ಹೇಗಾಯ್ತಂತ್ರೀ? ಯಾವಾಗ? ಯಾರ್ ಹೇಳಿದ್ರು?”

“ಗ್ರೂಪಲ್ಲಿ ಬಂತು.”

“ಗ್ರೂಪಲ್ಲಿ ಹಾಕಿದ್ದು ನೀವಲ್ವಾ? ನಿಮಗೆ ಯಾರ್ ಹೇಳಿದ್ರು ಅಂತ ಕೇಳಿದ್ದು.”

ಚಿಕ್ಕಪ್ಪ ಸೊಸೆಯ ಮೆಸೇಜು ತೋರಿಸಿದರು. ಹೆಂಡತಿ ಅದನ್ನು ಓದಿದರು, ಮತ್ತೆ ಓದಿದರು. ಅಳು ನಿಂತಿತು.

“ಇಷ್ಟೇನಾ? ಭಾವನಿಗೆ ಒಂದು ಫೋನ್ ಮಾಡಿ ನೋಡಿದ್ರಾ?”

“ತಲೆ ಕೆಟ್ಟಿದೆಯಾ ನಿನಗೆ? ಸತ್ತವರಿಗೆ ಯಾರಾದ್ರೂ ಫೋನ್ ಮಾಡ್ತಾರಾ?”

ಅಷ್ಟರಲ್ಲಿ ಅವರ ಅಂಗೈಯಲ್ಲಿದ್ದ ಮೊಬೈಲಿನ ನೆತ್ತಿಯ ಮೇಲೆ, ಗ್ರೂಪಿನ ಹೆಸರಿನ ಕೆಳಗೆ, ಒಂದು ಸಣ್ಣ ಹಸಿರು ಸಾಲು ಮೂಡಿತು. ‘ಅಣ್ಣ ಟೈಪ್ ಮಾಡುತ್ತಿದ್ದಾರೆ...’

ಗಂಡ ಹೆಂಡತಿ ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು. ಸಾಲು ಮಾಯವಾಯಿತು. ಮತ್ತೆ ಮೂಡಿತು. ಅಣ್ಣ ಟೈಪ್ ಮಾಡುವುದು ಒಂದೇ ಬೆರಳಿನಲ್ಲಿ. ಕಂಡಕ್ಟರಾಗಿದ್ದಾಗ ಓಡುವ ಬಸ್ಸಿನಲ್ಲಿ ಚಕಚಕನೆ ಟಿಕೆಟ್ ಹರಿಯುತ್ತಿದ್ದ ಆ ಬೆರಳಿಗೆ ಈ ಗಾಜಿನ ಮೇಲೆ ಒತ್ತಕ್ಷರ ಹುಡುಕುವುದರಲ್ಲಿ ಸಾಕುಬೇಕಾಗುತ್ತಿತ್ತು. ಗ್ರೂಪಿನಲ್ಲಿ ಹರಿಯುತ್ತಿದ್ದ ಕಣ್ಣೀರು ಗಕ್ಕನೆ ನಿಂತಿತು. ದೇಶ ವಿದೇಶಗಳಲ್ಲಿ ಇಡೀ ಕುಟುಂಬ ಬಾಯಿ ಬಿಟ್ಟುಕೊಂಡು, ಸತ್ತವರು ಏನು ಬರೆಯುತ್ತಾರೋ ಅಂತ ಕಾಯುತ್ತ ಕೂತಿತು. ಕೊನೆಗೆ ಬಂತು:

‘ನಾನು ಬಸ್ ಸ್ಟ್ಯಾಂಡಿನಲ್ಲಿ ಇದ್ದೇನೆ. ಫೋಟೋ ಚೆನ್ನಾಗಿಲ್ಲ.’

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಆ ಕುಟುಂಬದ ಮಕ್ಕಳು ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತವೆ. ‘ಈ ಸಂದೇಶವನ್ನು ಅಳಿಸಲಾಗಿದೆ’, ‘ಈ ಸಂದೇಶವನ್ನು ಅಳಿಸಲಾಗಿದೆ’ ಅಂತ ಮೇಲಿಂದ ಕೆಳಗಿನವರೆಗೆ ಸಾಲುಗಟ್ಟಿತು. ಅಳಿಸಲು ಬಾರದ ಒಬ್ಬ ಸೋದರತ್ತೆ ತಮ್ಮ ‘ಆತ್ಮಕ್ಕೆ ಶಾಂತಿ ಸಿಗಲಿ’ ಎಂಬುದರ ಕೆಳಗೆ ‘ದೀರ್ಘಾಯುಷ್ಯವಿರಲಿ’ ಅಂತ ಸೇರಿಸಿ ಲೆಕ್ಕ ಸರಿಮಾಡಿದರು. ಹೊಸ ಅಳಿಯ ಮಾತ್ರ ಯಾವ ಗೋಜಿಗೂ ಹೋಗದೆ, ಅಣ್ಣನ ಮೆಸೇಜಿನ ಕೆಳಗೇ ಇನ್ನೊಮ್ಮೆ ಕೈಮುಗಿದು ‘ಬಹಳ ನೋವಿನ ಸುದ್ದಿ’ ಅಂದ. ಓದದೆ ಬದುಕುವವರಿಗೆ ಆಘಾತವೆಂಬುದೇ ಇಲ್ಲ ನೋಡಿ.

ಅಷ್ಟರಲ್ಲಿ ಚಿಕ್ಕಪ್ಪನಿಗೆ ಸೊಸೆಯ ಫೋನ್ ಬಂತು.

“ಚಿಕ್ಕಮಾವ, ಏನ್ ಮಾಡಿಬಿಟ್ರಿ ನೀವು! ಹೋಗ್ಬಿಟ್ರು ಅಂದ್ರೆ ಮನೆ ಬಿಟ್ಟು ಹೋದ್ರು ಅಂತ! ಬೆಳಗ್ಗೆ ಇವರು ಮಾವನ ಮೇಲೆ ಕೂಗಾಡಿದ್ರು. ಮಾವ ಚೀಲ ತಗೊಂಡು ಹೊರಟೇ ಬಿಟ್ರು. ನಾನು ಮೆಸೇಜು ಹಾಕಿ, ಮೊಬೈಲ್ ಅಡುಗೆಮನೇಲೇ ಬಿಟ್ಟು ಬೀದಿ ಬೀದಿ ಹುಡುಕೋಕೆ ಓಡಿದೆ. ವಾಪಸ್ ಬಂದು ನೋಡಿದ್ರೆ ಇಲ್ಲಿ ಮೊಂಬತ್ತಿ ಉರೀತಾ ಇದೆ!”

“ನೀನು ಸರಿಯಾಗಿ ಬರೀಬೇಕಿತ್ತಮ್ಮ...”

“ನೀವು ಸರಿಯಾಗಿ ಕೇಳ್ಬೇಕಿತ್ತು ಚಿಕ್ಕಮಾವ. ಆಗ್ಲಿ ಬಿಡಿ. ಈಗ ನಾನು ಮಾಡಿದ್ರೆ ಮಾವನ ಫೋನು ಬರೀ ಬಿಜಿ ಬರ್ತಿದೆ. ಇವರು ಫೋನ್ ಆಫ್ ಮಾಡ್ಕೊಂಡು ಕೂತಿದ್ದಾರೆ. ನೀವಂದ್ರೆ ಮಾವನಿಗೆ ಪ್ರಾಣ. ನೀವು ಕರೆದ್ರೆ ಬರ್ತಾರೆ. ದಮ್ಮಯ್ಯ, ಮನೆಗೆ ಕರ್ಕೊಂಡು ಬನ್ನಿ. ಮಾವ ಹೀಗೆ ಹೋಗಿಬಿಟ್ರೆ ಮತ್ತೆ ನಮ್ಮನೆ ಹೊಸ್ತಿಲು ತುಳಿಯಲ್ಲ, ಅವರ ಹಟ ನಿಮಗೆ ಗೊತ್ತಲ್ಲ.”

ಗೊತ್ತಿತ್ತು. ಒಮ್ಮೆ ಮುನಿದು ಬಿಟ್ಟ ಚಹಾವನ್ನು ಅಣ್ಣ ಇಂದಿಗೂ ಮುಟ್ಟಿಲ್ಲ. ಚಿಕ್ಕಪ್ಪ ಆಟೋ ಹಿಡಿದರು. ದಾರಿಯುದ್ದಕ್ಕೂ, ‘ಅಣ್ಣ ಕ್ಷೇಮವಾಗಿದ್ದಾರೆ, ಗಾಳಿಸುದ್ದಿಗಳಿಗೆ ಕಿವಿಗೊಡಬೇಡಿ’ ಅಂತ ಗ್ರೂಪಿಗೆ ಬರೆಯುತ್ತ ಹೋದರು. ಗಾಳಿ ಎತ್ತಕಡೆಯಿಂದ ಬೀಸಿತು ಅಂತ ಕೇಳುವ ಧೈರ್ಯ ಯಾರೂ ಮಾಡಲಿಲ್ಲ.

ಬಸ್ ಸ್ಟ್ಯಾಂಡಿನ ಒಂದು ಮೂಲೆಯಲ್ಲಿ, ದೂರದ ಊರುಗಳ ಬಸ್ಸು ನಿಲ್ಲುವ ಕಡೆ, ಸಿಮೆಂಟಿನ ಬೆಂಚಿನ ಮೇಲೆ ಅಣ್ಣ ಕೂತಿದ್ದರು. ಪಕ್ಕದಲ್ಲಿ ಚೀಲ, ತೊಡೆಯ ಮೇಲೆ ಮೊಬೈಲ್, ಮೂಗಿನ ಮೇಲೆ ತಮ್ಮನೇ ಮಾಡಿಕೊಟ್ಟ ಕನ್ನಡಕ. ಅವರನ್ನು ಜೀವಂತ ಕಂಡದ್ದೇ ಚಿಕ್ಕಪ್ಪ ಓಡಿಹೋಗಿ ಅವರ ಎರಡೂ ಕೈ ಹಿಡಿದುಕೊಂಡರು.

“ಅಣ್ಣಾ! ನನ್ನ ಜೀವಾನೇ ಹೋಗಿತ್ತು ಕಣಣ್ಣ.”

“ಹೋಗಿದ್ದು ನಂದಲ್ವೇನೋ?” ಅಂದರು ಅಣ್ಣ. “ಕೊನೇ ಸ್ಟಾಪಲ್ಲಿ ಇಳಿಸಿಬಿಟ್ಟೆಯಲ್ಲೋ ನನ್ನ. ನಾನಿನ್ನೂ ಬಸ್ಸೇ ಹತ್ತಿಲ್ಲ.”

ಚಿಕ್ಕಪ್ಪ ನಗಲೋ ಅಳಲೋ ತಿಳಿಯದೆ ಪಕ್ಕದಲ್ಲಿ ಕೂತರು.

“ಏನಾಯ್ತಣ್ಣ ಮನೇಲಿ?”

“ಏನಿಲ್ಲ ಕಣೋ. ಈ ಮೊಬೈಲ್ ಜಾಗ ಇಲ್ಲ, ಜಾಗ ಇಲ್ಲ ಅಂತ ಬಡ್ಕೊಳ್ತಿತ್ತು. ನೋಡಿದ್ರೆ ಪೂರ್ತಿ ನೀನು ಕಳಿಸಿದ ಹೂವು, ಬೆಟ್ಟ, ಶುಭೋದಯ. ತಮ್ಮ ಕಳಿಸಿದ್ದು, ಅಳಿಸೋಕೆ ಮನಸ್ಸು ಬರ್ಲಿಲ್ಲ. ಬೇರೆ ಒಂದಷ್ಟು ಅಳಿಸ್ದೆ. ಅದರಲ್ಲಿ ಮೊಮ್ಮಗಳು ಮೊದಲನೇ ಸಲ ನಡೆದ ವಿಡಿಯೋ ಇತ್ತಂತೆ. ಬೇರೆಲ್ಲೂ ಇರಲಿಲ್ಲವಂತೆ. ಮಗ ಬೈದ. ‘ಗೊತ್ತಿಲ್ಲದಿದ್ರೆ ಯಾಕೆ ಮುಟ್ತೀರಿ’ ಅಂದ. ನಿಜ, ನನಗೆ ಗೊತ್ತಿಲ್ಲ. ಹೇಳಿಕೊಡು ಅಂದ್ರೆ ಅವನಿಗೆ ಪುರುಸೊತ್ತಿಲ್ಲ. ನಿನ್ನನ್ನೂ ಕೇಳಿದ್ದೆ, ನೆನಪಿದೆಯಾ? ನೀನು ಒಂದು ವಿಡಿಯೋ ಕಳಿಸ್ದೆ.”

ಚಿಕ್ಕಪ್ಪನಿಗೆ ನೆನಪಿತ್ತು. ತಾನು ಪೂರ್ತಿ ನೋಡಿರದ ವಿಡಿಯೋ. ಅವರಿಗೆ ನಾಚಿಕೆಯಾಯಿತು, ಆ ನಾಚಿಕೆ ನಿಜವಾದದ್ದೇ.

“ಇಲ್ಲಿ ಬಂದು ಕೂತೆ,” ಅಂದರು ಅಣ್ಣ. “ಯಾರಾದ್ರೂ ಒಬ್ರು ಫೋನ್ ಮಾಡ್ತಾರೆ, ‘ಬಾ’ ಅಂತಾರೆ, ಸ್ವಲ್ಪ ಬಿಗುಮಾನ ತೋರಿಸಿ ಹೋಗೋಣ ಅಂತಿದ್ದೆ. ಬರೀ ಟಿಂಗು, ಟಿಂಗು, ಟಿಂಗು. ಎಲ್ರೂ ನನ್ನ ಬಗ್ಗೆ ಮಾತಾಡ್ತಾ ಇದ್ದಾರೆ, ನನ್ನ ಹತ್ರ ಮಾತಾಡೋರಿಲ್ಲ. ‘ದಿನವೂ ಕಿವಿಗೆ ಬೀಳುತ್ತಿದ್ದ ದನಿ’ ಅಂತ ಬರ್ದಿದ್ದೀಯ. ನಾವು ಮಾತಾಡಿ ಎಷ್ಟು ಕಾಲವಾಯ್ತೋ?”

ಚಿಕ್ಕಪ್ಪ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟರು. ಕಳಿಸಿದ್ದು ದಿನವೂ. ಮಾತಾಡಿದ್ದು ಆಸ್ಪತ್ರೆಯಲ್ಲಿ.

“ತಪ್ಪಾಯ್ತಣ್ಣ. ಬಾ, ಮನೆಗೆ ಹೋಗೋಣ. ಅವನಿಗೆ ನಾನು ಬುದ್ಧಿ ಹೇಳ್ತೀನಿ.”

“ಒಬ್ಬಳು ಮಾತ್ರ ಫೋನ್ ಮಾಡಿದ್ಲು, ನಮ್ಮ ತಂಗಿ. ಅವಳದು ಬಟನ್ ಫೋನು, ನಾನು ಸತ್ತಿದ್ದು ಪಾಪ ಅವಳಿಗೆ ಗೊತ್ತಿಲ್ಲ. ಹೇಗಿದ್ದೀಯಣ್ಣ ಅಂದ್ಲು. ಹೀಗಾಯ್ತು ಅಂದೆ. ಸುಮ್ನೆ ಇಲ್ಲಿಗೆ ಬಂದ್ಬಿಡು ಅಂದ್ಲು.” ಎದುರಿಗೆ ನಿಂತಿದ್ದ ಬಸ್ಸಿನ ಕಡೆ ಅಣ್ಣ ನೋಡಿದರು. “ಹತ್ಲೋ ಬೇಡ್ವೋ ಅಂತ ಕೂತಿದ್ದೆ. ನೀನು ಬಂದೆ. ಸರಿ, ಸ್ವಲ್ಪ ಹೊತ್ತು ಕೂತ್ಕೋ. ನಿನ್ನ ಹತ್ರ ನಾಲ್ಕು ಮಾತಾಡಿದ್ರೆ ಮನಸ್ಸು ಹಗುರ ಆಗ್ತದೆ. ಆಮೇಲೆ ನೋಡೋಣ.”

ಗೆದ್ದಂತೆಯೇ ಆಯಿತಲ್ಲ! ಚಿಕ್ಕಪ್ಪ ಹಿಗ್ಗಿದರು. ಅಣ್ಣ ಹಳೆಯ ಕಥೆ ತೆಗೆದರು. ಅಪ್ಪ ಹೋದ ವರ್ಷ ತಾನು ಕೆಲಸಕ್ಕೆ ಸೇರಿದ ಮೊದಲ ದಿನ, ತಮ್ಮ ಇದೇ ಬಸ್ ಸ್ಟ್ಯಾಂಡಿಗೆ ಬಂದು, ‘ನನ್ನನ್ನೂ ಕರ್ಕೊಂಡು ಹೋಗು’ ಅಂತ ಬಸ್ಸಿನ ಬಾಗಿಲಿಗೆ ಜೋತುಬಿದ್ದದ್ದು. ಆಗ ಡ್ರೈವರು ಏನು ಮಾಡಿದ ಗೊತ್ತಾ ಅಂತ ಅಣ್ಣ ಕೇಳುತ್ತಿದ್ದಾಗ ಚಿಕ್ಕಪ್ಪನ ಜೇಬು ಟಿಂಗ್ ಅಂದಿತು. ಗ್ರೂಪಿನಲ್ಲಿ ಸೋದರಳಿಯ ಕೇಳಿದ್ದ: ‘ದೊಡ್ಡಮಾವ ಸಿಕ್ಕಿದ್ರಾ? ನಾನೂ ಬಸ್ ಸ್ಟ್ಯಾಂಡಿಗೆ ಹೊರಟಿದ್ದೀನಿ, ನೋಡಿ ತಿಳಿಸ್ತೀನಿ.’

ಅವನು ತಿಳಿಸುತ್ತಾನಂತೆ! ಪಕ್ಕದಲ್ಲಿ ಕೂತಿರುವವರು ಯಾರು?

“ಒಂದೇ ನಿಮಿಷ ಅಣ್ಣ, ನೀನು ಹೇಳ್ತಾ ಇರು, ನಾನು ಕೇಳಿಸ್ಕೊಳ್ತೀನಿ.”

ಅಣ್ಣ ಹೇಳಿದರು. ಚಿಕ್ಕಪ್ಪ ಬೆಂಚಿನ ಮೇಲೆ ಇಬ್ಬರೂ ಕೂತಿರುವ ಫೋಟೋ ತೆಗೆದರು, ಬೆಳಕು ಸಾಲದೆಂದು ಇನ್ನೊಂದು ತೆಗೆದರು, ಹೂಂ ಅಂದರು. ಅಣ್ಣ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ ತಮ್ಮನ ಮುಖ ನೋಡುತ್ತ ಕೂತರು. ಚಿಕ್ಕಪ್ಪ ಹೂಂ ಅಂದರು. ಆಮೇಲೆ ಮತ್ತೊಮ್ಮೆ, “ಹೂಂ, ಆಮೇಲೆ?” ಅಂದರು.

ಬಸ್ಸಿನ ಕಂಡಕ್ಟರು ಸೀಟಿ ಊದಿದ. ಅಣ್ಣ ಚೀಲ ಎತ್ತಿಕೊಂಡು ಎದ್ದು ನಿಂತರು.

“ಸರಿ ಕಣೋ, ನಾನು ಬರ್ತೀನಿ.”

“ಹಾಂ, ಹಾಂ, ಬಾ ಅಣ್ಣ,” ಅಂದರು ಚಿಕ್ಕಪ್ಪ ತಲೆ ಎತ್ತದೆ. ಅವರ ಹೃದಯ ಕುಣಿಯಿತು. ಬರ್ತೀನಿ ಅಂದುಬಿಟ್ಟ ಅಣ್ಣ! ಸೊಸೆಯ ಕೈಲಿ ಆಗದ್ದು, ಮಗನ ಕೈಲಿ ಆಗದ್ದು, ತನ್ನ ಒಂದು ಮಾತಿಗೆ ಆಯಿತು. ಹೆಬ್ಬೆರಳುಗಳು ಹಾರಾಡಿದವು: ‘ಎಲ್ಲರಿಗೂ ಸಿಹಿಸುದ್ದಿ! ಅಣ್ಣ ಬರುತ್ತಿದ್ದಾರೆ! ನಾನೇ ಮನೆಗೆ ಕರೆದುಕೊಂಡು ಬರುತ್ತಿದ್ದೇನೆ.’ ಕೆಳಗೆ ಇಬ್ಬರ ಫೋಟೋ. ಕಳಿಸಿದ ಕ್ಷಣಕ್ಕೆ ಚಪ್ಪಾಳೆಗಳು ಉದುರಿದವು. ಸೊಸೆ ಅಳುವ ಮುಖ ಹಾಕಿ, ‘ನಿಮ್ಮ ಉಪಕಾರ ಮರೆಯಲ್ಲ ಚಿಕ್ಕಮಾವ, ಅವರೂ ಬಾಗಿಲಲ್ಲೇ ನಿಂತಿದ್ದಾರೆ’ ಅಂತ ಬರೆದಳು. ಸೋದರಳಿಯ, ‘ಯಾವಾಗಲೂ ಫಸ್ಟ್’ ಅಂದ. ಚಿಕ್ಕಪ್ಪ ಒಬ್ಬೊಬ್ಬರಿಗೂ ಕೈಮುಗಿದು ಮುಗಿಸಿ ತಲೆ ಎತ್ತಿದರು.

ಬೆಂಚಿನ ಮೇಲೆ ಅವರೊಬ್ಬರೇ ಇದ್ದರು.

ಬಸ್ಸು ಗೇಟಿನ ಹತ್ತಿರ ತಿರುಗುತ್ತಿತ್ತು. ಕಿಟಕಿಯ ಪಕ್ಕ ಅಣ್ಣ. “ಅಣ್ಣಾ! ಏ ಅಣ್ಣಾ!” ಅಂತ ಕೂಗಿಕೊಂಡು ಚಿಕ್ಕಪ್ಪ ಓಡಿದರು. ಬಸ್ಸಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಓಡುತ್ತಲೇ, ಅಂದು ಮೊದಲ ಬಾರಿಗೆ, ಅಣ್ಣನ ನಂಬರು ಒತ್ತಿ ಮೊಬೈಲನ್ನು ಕಿವಿಗೆ ಇಟ್ಟುಕೊಂಡರು.

ನೀವು ಕರೆ ಮಾಡುತ್ತಿರುವವರು ಬೇರೊಬ್ಬರೊಡನೆ ಮಾತನಾಡುತ್ತಿದ್ದಾರೆ ಅಂದಿತು ಅದು. ಸುಳ್ಳೇನೂ ಹೇಳಿರಲಿಲ್ಲ. ಕಿಟಕಿಯಲ್ಲಿ ಅಣ್ಣ ಮೊಬೈಲನ್ನು ಕಿವಿಗೆ ಒತ್ತಿಕೊಂಡು, ತಂಗಿಗೆ ಏನೋ ಹೇಳುತ್ತ, ಬಾಯಿ ತುಂಬ ನಗುತ್ತಿದ್ದರು.